ಅರಳದ ಗುಂಡು

ನನ್ನ ಮಗಳು ಬೀನಾಳ ಬೆನ್ನಿನೊಳಗೆ ಉಳಿದುಕೊಂಡಿದ್ದ ಗುಂಡಿನ ಬಗ್ಗೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ಏನಾದರೂ ಒಂದು ಗೊತ್ತಿತ್ತು. ಪಕ್ಕದ ಮನೆಯ ಮಾದೇವಮ್ಮನ ಪ್ರಕಾರ ಅದು ವಿಷದ ಗುಂಡು, ತೊಟ್ಟು ತೊಟ್ಟಾಗಿ ರಕ್ತಕ್ಕೆ ಇಳಿಯುತ್ತಿರುತ್ತದೆ. ಹಾಲಿನವನ ಪ್ರಕಾರ ಅದು ಮೈಯೊಳಗೆ ಹೋಗಿ ಪಟಾಕಿಯ ಹಾಗೆ ಸಿಡಿಯುವ ಜಾತಿ. ಸಿಡಿದಿಲ್ಲ ಅಂದರೆ ಸಿಡಿಯುವುದು ಇನ್ನೂ ಬಾಕಿ ಇದೆ, ಹುಡುಗಿಯನ್ನು ಜಾಸ್ತಿ ಅಲ್ಲಾಡಿಸಬೇಡಿ ಎಂದು ಹೇಳಿ ಹಾಲಿನ ಪ್ಯಾಕೆಟ್ಟನ್ನು ಸದ್ದಾಗದಂತೆ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದ. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಬಳಿ ನನ್ನ ಕೈ ಹಿಡಿದುಕೊಂಡ ಹಿರಿಯರೊಬ್ಬರು, ಒಳಗೆ ಅದು ಇನ್ನೂ ಕಾದಿರುತ್ತದಮ್ಮ, ಅದಕ್ಕೇ ಮಗುವಿನ ಕಾಲು ಉರಿಯುವುದು ಎಂದರು.

ಯಾರೂ ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಕೆಸರೆಯಲ್ಲಿ ನಾವು ಮದುವೆಯಾದಾಗಿನಿಂದ ಇದ್ದೇವೆ. ಬೀನಾ ಇವರೆಲ್ಲರ ಕಣ್ಣೆದುರೇ ಬೆಳೆದವಳು. ಸೊಂಟದಿಂದ ಕೆಳಗೆ ಸತ್ತಂತಾದ ಹದಿನೇಳರ ಹುಡುಗಿಯನ್ನು ನೋಡಿ ಸುಮ್ಮನೆ ಎದ್ದು ಹೋಗಲು ಯಾರಿಗಾದರೂ ಹೇಗೆ ಮನಸ್ಸು ಬಂದೀತು? ಒಂದು ಮಾತು ಹೇಳಿ ಹೋಗುತ್ತಿದ್ದರು.

ನನ್ನ ಗಂಡ ಅಮಲರಾಜ್ ಹೇಳುತ್ತಿದ್ದ ಮಾತು ಎಲ್ಲಕ್ಕಿಂತ ಚೆನ್ನಾಗಿತ್ತು. ನನಗೆ ಕಷ್ಟವಾದದ್ದು ಅದೇ.

ಅವರು ಫೋನಿನಲ್ಲಿ ಒಂದು ವಿಡಿಯೋ ಹುಡುಕಿ ಇಟ್ಟುಕೊಂಡಿದ್ದರು. ಗಾಜಿನ ಹಾಗೆ ಕಾಣುವ ಜೆಲ್ಲಿಯ ಗಡ್ಡೆಯೊಳಗೆ ಒಂದು ಗುಂಡು ನುಗ್ಗುತ್ತದೆ. ಅದರ ತುದಿ ಚೂಪಾಗಿಲ್ಲ, ನಡುವೆ ಸಣ್ಣದೊಂದು ಗುಳಿ. ಜೆಲ್ಲಿಯೊಳಗೆ ಹೋಗುತ್ತಾ ಹೋಗುತ್ತಾ ಆ ತುದಿ ಬಿರಿದು ಹಿಂದಕ್ಕೆ ಮಡಚಿಕೊಳ್ಳುತ್ತದೆ, ಸುತ್ತಲೂ ತಾಮ್ರದ ಬಣ್ಣದ ಪಕಳೆಗಳು. ನಿಂತಾಗ ನೋಡಿದರೆ ಥೇಟ್ ಹೂವು. ಇದನ್ನು ಅವರು ಮಗಳ ಮಂಚದ ಪಕ್ಕ ಕೂತು ತೋರಿಸುತ್ತಿದ್ದರು.

"ನೋಡು ಮಗಳೇ, ಇದೇ ಜಾತಿ ಗುಂಡು. ನಿನ್ನ ನರ ಏನೂ ಕಟ್ ಆಗಿಲ್ಲ. ಈ ಪಕಳೆ ಇದ್ಯಲ್ಲ, ಇದು ನರವ ಅವುಚಿ ಹಿಡ್ಕೊಂಡ್ಬುಟ್ಟಿದೆ. ಪೈಪು ಅದುಮಿ ಹಿಡಿದ್ರೆ ನೀರು ಬರುತ್ತಾ? ಕೈ ಬುಟ್ರೆ ಬರುತ್ತೆ. ಡಾಕ್ಟ್ರು ಆ ಪಕಳೆ ಒಂದು ಬಿಡಿಸ್ಬುಟ್ರೆ ಸಾಕು."

"ಹೂವು ಬಿಡಕ್ಕೆ ನಾನೇನು ಬಾಳೆಗಿಡನಾ ಪಪ್ಪ?" ಎನ್ನುತ್ತಿದ್ದಳು ಬೀನಾ. ಎಂದುಬಿಟ್ಟು, "ಇನ್ನೊಂದ್ಸಲ ಹಾಕಿ, ನಿಧಾನಕ್ಕೆ ಓಡೋ ಥರ" ಎನ್ನುತ್ತಿದ್ದಳು.

ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಇದನ್ನು ಕೇಳಿಸಿಕೊಳ್ಳುತ್ತಿದ್ದೆ. ನಾನೂ ನಂಬಿದ್ದೆ. ಹಿಡಿದುಕೊಂಡದ್ದು ಬಿಡುತ್ತದೆ ಅನ್ನುವುದನ್ನು ನಂಬುವುದು ಸುಲಭ.

ಆಯುಧಪೂಜೆಯ ದಿನ ಆದದ್ದು ಇಷ್ಟು. ಅಮಲರಾಜ್ ಆಗ ಕುಂಬಾರಕೊಪ್ಪಲಿನ ಚೆಲುವರಾಜು ಅವರ ಕಾರು ಓಡಿಸುತ್ತಿದ್ದರು. ಚೆಲುವರಾಜು ಹಳ್ಳಿಯಿಂದ ಬಂದು ಸೈಟು ಕೊಡಿಸುವ ಕೆಲಸದಲ್ಲಿ ಮೇಲೆ ಬಂದವರು. ಈಗ ಸ್ವಂತದ್ದೊಂದು ಕಲ್ಯಾಣ ಮಂಟಪವಿದೆ, ಲೈಸೆನ್ಸ್ ಇರುವ ಪಿಸ್ತೂಲೂ ಇದೆ. ಅವರ ಹೆಂಡತಿ ಚಂದ್ರಮತಿಯಮ್ಮ ಪ್ರತಿ ವರ್ಷ ಬೀನಾಳನ್ನು ಕರೆಸುತ್ತಿದ್ದರು. ನಮ್ಮ ಮನೆಯಲ್ಲಿ ರಂಗೋಲಿ ಇಲ್ಲ, ಆದರೂ ಆ ಹುಡುಗಿಯ ಕೈಗೆ ಅದು ಎಲ್ಲಿಂದಲೋ ಬಂದಿತ್ತು. ಕಾರುಗಳ ಮುಂದೆ ಅವಳೇ ಎಳೆ ಬಿಡಬೇಕು, ಕುಂಬಳಕಾಯಿ ಒಡೆಯಲು ಅವರಪ್ಪನೇ ಬೇಕು, ಕೋಸಂಬರಿಗೆ ನಾನೇ ಬೇಕು. "ಯೇಸುವಪ್ಪನ ಕಡೆಯೋರು ಬರ್ದೆ ನಮ್ಮನೆ ಪೂಜೆ ಆಗಕ್ಕಿಲ್ಲ ಕಣ್ರಮ್ಮ" ಎಂದು ಚೆಲುವರಾಜು ನೆಂಟರ ಮುಂದೆ ನಗುತ್ತಿದ್ದರು.

ಪೂಜೆಗೆ ಹಾಲ್‌ನಲ್ಲಿ ಮಣೆ ಹಾಕಿದ್ದರು. ಮಣೆಯ ಮೇಲೆ ಕುಡುಗೋಲು, ಸ್ಪ್ಯಾನರು, ಕತ್ತರಿ, ಮಗನ ಲ್ಯಾಪ್‌ಟಾಪು, ನಡುವೆ ರೇಷ್ಮೆ ವಸ್ತ್ರದ ಮೇಲೆ ಪಿಸ್ತೂಲು. ಪಕ್ಕದ ತಟ್ಟೆಯಲ್ಲಿ ಗುಂಡುಗಳು. ಚಂದ್ರಮತಿಯಮ್ಮ ಬೆಳಿಗ್ಗೆಯೇ ಸ್ನಾನ ಮಾಡಿ ಗಂಧ ತೇಯ್ದು ಒಂದೊಂದಕ್ಕೂ ಬೊಟ್ಟು ಇಡುತ್ತಾ ಕೂತಿದ್ದರು.

"ಇದೇನ್ರೀ ಇದು, ಬೊಟ್ಟು ನಿಲ್ತಾನೇ ಇಲ್ಲ, ಒಳೀಕೆ ಇಳ್ದೋಯ್ತದೆ. ಇದಕ್ಕೆ ಹಣೆ ಇಲ್ಲ, ಬರೀ ಬಾಯಿ."

"ಪೊಳ್ಳು ಮೂತಿ ಗುಂಡು ಕಣೇ ಅದು. ಫಾರಿನ್ ಮಾಲು" ಎಂದು ಚೆಲುವರಾಜು ಹೆಮ್ಮೆಯಿಂದ ವಿವರಿಸಿದರು. ಯಾರೋ ಪರಿಚಯದವರು ತಂದುಕೊಟ್ಟಿದ್ದಂತೆ. "ಮಾಮೂಲಿ ಗುಂಡು ಆಳನ್ನ ತೂರ್ಕೊಂಡು ಹಿಂದಿದ್ದೋನಿಗೂ ಬೀಳ್ತದೆ. ಇದು ಹಂಗಲ್ಲ. ಒಳೀಕೆ ಹೋದ್ರೆ ಅರಳ್ಕೊಂಡು ಅಲ್ಲೇ ನಿಂತ್ಕತದೆ. ಗೋಡೆ, ಬಾಗ್ಲು ಯಾವ್ದನ್ನೂ ದಾಟಕ್ಕಿಲ್ಲ. ಮನೇಲಿ ಹೆಂಗಸ್ರು ಮಕ್ಳು ಇರೋರು ಇದನ್ನೇ ಮಡಿಕಬೇಕು. ಸೇಫು."

ಚಂದ್ರಮತಿಯಮ್ಮ ಗುಳಿ ತುಂಬಿ ಮೇಲೆ ಕಾಣುವವರೆಗೂ ಗಂಧ ಮೆತ್ತಿ, ಅದರ ಮೇಲೆ ಕುಂಕುಮ ಇಟ್ಟರು. ಒಣಗಿದ ಮೇಲೆ ಚೆಲುವರಾಜು ಅವನ್ನು ಒಂದೊಂದಾಗಿ ಪಿಸ್ತೂಲಿಗೆ ತುಂಬಿದರು. ಯಾರೋ ನೆಂಟರು, ಪೂಜೆಗೆ ಯಾಕಪ್ಪ ತುಂಬುವುದು, ಖಾಲಿ ಇಡಬಾರದೇ ಎಂದು ಕೇಳಿದ್ದು ನನಗೆ ನೆನಪಿದೆ.

"ಖಾಲಿ ಆಯುಧಕ್ಕೆ ಪೂಜೆ ಇಲ್ಲ ಮಾವ. ನಮ್ಮಪ್ಪ ಕುಡುಗೋಲ ಮಸ್ದು ಮಡಗೋರು. ಮೊಂಡು ಕುಡುಗೋಲಿಗೆ ಅರಿಶಿನ ಕುಂಕುಮ ಇಕ್ಕಿದ್ರೆ ಒಡ್ದುಬುಡೋರು ನನ್ನ. ಖಾಲಿ ಕಳಸ ಮಡಗ್ತೀವಾ?"

ಕೇಳಿದ ನೆಂಟರೂ ಹೌದೆಂದು ತಲೆಯಾಡಿಸಿದರು. ನನಗೂ ಸರಿಯೆಂದೇ ಕಂಡಿತ್ತು.

ಮಂಗಳಾರತಿ ಆಗಿ ಕುಂಬಳಕಾಯಿ ಒಡೆದು, ಎಲ್ಲರೂ ಒಳಗೆ ಬಂದು ಎಲೆ ಹಾಕುವ ಗಡಿಬಿಡಿ. ಬೀನಾ ಲೋಟ ತರಲು ಹಾಲ್‌ಗೆ ಅಂಟಿಕೊಂಡ ಉಗ್ರಾಣದ ಕೋಣೆಗೆ ಹೋಗಿದ್ದಳು, ಬಾಗಿಲು ಮುಂದೆ ಮಾಡಿತ್ತು. ಚೆಲುವರಾಜು ಮಣೆ ಕದಲಿಸಿ ಪಿಸ್ತೂಲು ಎತ್ತಿಕೊಂಡು, ಅದರ ಮೇಲಿನ ಅರಿಶಿನ ಕುಂಕುಮ ಸಂದಿಗೆ ಇಳಿಯುತ್ತದೆಂದು ಹೆಗಲ ಮೇಲಿನ ಟವೆಲಿನಿಂದ ಒರೆಸತೊಡಗಿದರು. ನಾನು ಅಡುಗೆಮನೆಯಲ್ಲಿ ಕೋಸಂಬರಿಗೆ ನಿಂಬೆಹಣ್ಣು ಹಿಂಡುತ್ತಿದ್ದೆ. ಪಟಾಕಿ ಹೊಡೆದಂತೆ ಒಂದು ಸದ್ದು. ಇಷ್ಟು ಬೇಗ ಯಾರು ದೀಪಾವಳಿ ಮಾಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಸ್ಟೀಲಿನ ಲೋಟಗಳು ಉರುಳಿದ ಸದ್ದು ಕೇಳಿಸಿತು, ಅದು ನಿಲ್ಲಲೇ ಇಲ್ಲ.

ಉಗ್ರಾಣದ ಪ್ಲೈವುಡ್ ಬಾಗಿಲಲ್ಲಿ ಬೆರಳು ತೂರುವಷ್ಟು ತೂತಾಗಿತ್ತು.

ಪೊಲೀಸರು ಬಂದರು, ಪಿಸ್ತೂಲು ಹೋಯಿತು, ಚೆಲುವರಾಜು ಮೇಲೆ ಕೇಸಾಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು ನನ್ನ ಗಂಡನ ಕಾಲು ಹಿಡಿಯಲು ಬಗ್ಗಿದರು. "ದಾಟಕ್ಕಿಲ್ಲ ಅಂದಿದ್ರು ಕಣೋ ಅಮಲ, ಬಾಗ್ಲು ದಾಟಕ್ಕಿಲ್ಲ ಅಂದಿದ್ರು" ಎಂದು ಅದನ್ನೇ ಹೇಳುತ್ತಿದ್ದರು. ಅಮಲರಾಜ್ ಅವರನ್ನು ಎತ್ತಿ ಕೂರಿಸಿ ಆಚೆ ಹೋದರು. ಆಮೇಲೆ ಅವರ ಕೆಲಸಕ್ಕೆ ಹೋಗಲಿಲ್ಲ. ಈಗ ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಾರೆ.

ಗಾಯ ಮಾಗಿತು. ಗುಂಡನ್ನು ತೆಗೆಯಲಿಲ್ಲ. ಅದನ್ನು ಮುಟ್ಟಲು ಹೋದರೆ ಅಪಾಯವೇ ಜಾಸ್ತಿ, ಸದ್ಯ ಅಲ್ಲೇ ಇರಲಿ, ಮುಂದೆ ನೋಡೋಣ ಎಂದು ನರರೋಗದ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಗಗನ ಹೇಳಿ ಕಳಿಸಿದ್ದರು. ಅಮಲರಾಜ್‌ಗೆ ಅದು ಅರ್ಥವೇ ಆಗಲಿಲ್ಲ. ಸಿನಿಮಾದಲ್ಲಿ ಮೊದಲು ಗುಂಡು ತೆಗೆಯುತ್ತಾರೆ, ತಟ್ಟೆಯಲ್ಲಿ ಠಣ್ ಎಂದು ಬೀಳುತ್ತದೆ, ಆಮೇಲೆ ಆಳು ಕಣ್ಣು ಬಿಡುತ್ತಾನೆ. ಮಾದೇವಮ್ಮನಿಗೂ ಸಿಟ್ಟು.

"ಕಾಲಿಗೆ ಮುಳ್ಳು ಚುಚ್ಕಂಡ್ರೆ ತಗೀದೆ ಮಡಿಕತಾರಾ? ಅದೇನು ಡಾಕ್ಟ್ರೋ! ಅಗ್ನೆಸಮ್ಮ, ನೀನು ಬಾಯಿ ಮಾಡು. ನೀನು ಮೆತ್ತಗೆ ಮಾತಾಡ್ತೀಯ ಅಂತ ಎಲ್ರೂ ನಿನ್ನ ಮೆಟ್ಟಿ ಓಡಾಡ್ತರೆ."

ಮನೆಯಲ್ಲಿ ನಮ್ಮ ದಿನಗಳು ಬೀನಾಳ ಮೈಯ ಸುತ್ತ ಹೊಂದಿಕೊಂಡವು. ಹುಣ್ಣಾಗದ ಹಾಗೆ ಅವಳನ್ನು ಆಗಾಗ ಮಗ್ಗುಲು ಬದಲಿಸಬೇಕು. ಉಚ್ಚೆಯ ಚೀಲ ನೋಡಬೇಕು. ಅಕ್ಕಿ ತೊಳೆಯುವ ನಡುವೆ ಕೈ ಒರೆಸಿಕೊಂಡು ಬಂದು ಅವಳ ಹಿಮ್ಮಡಿ, ಸೊಂಟ ಎಲ್ಲ ನೋಡಿ ಹೋಗುತ್ತಿದ್ದೆ. ಅಷ್ಟು ದೊಡ್ಡ ಹುಡುಗಿಯ ಮೈಯನ್ನು ತಾಯಿ ಮತ್ತೆ ನೋಡುವ ಹಾಗಾಗಬಾರದು. ಅವಳು ಗೋಡೆ ಕಡೆ ಮುಖ ಮಾಡಿ, "ಬೇಗ ಮುಗ್ಸಮ್ಮ" ಎನ್ನುತ್ತಿದ್ದಳು. ಸಂಜೆ ಅವರಪ್ಪ ವ್ಯಾನು ನಿಲ್ಲಿಸಿ ಬಂದು ಎಣ್ಣೆ ಬೆಚ್ಚಗೆ ಮಾಡಿ ಅವಳ ಕಾಲು ತಿಕ್ಕುತ್ತಿದ್ದರು. ಬೆಂಕಿ ಹಚ್ಚಿದ ಹಾಗೆ ಕಾಲು ಉರಿಯುತ್ತದೆ ಎಂದು ಬೀನಾ ಅಳುವ ದಿನ ಅವರ ಮುಖ ಅರಳುತ್ತಿತ್ತು.

"ಉರೀತಾ ಇದೆ ಅಂದ್ರೆ ಜೀವ ಇದೆ ಕಣೇ. ಸತ್ತ ನರ ಉರೀತದಾ? ಪಕಳೆ ಸ್ವಲ್ಪ ಸಡ್ಲ ಆಗಿದೆ."

ಕ್ರಿಸ್ಮಸ್ ಹತ್ತಿರ ಬರುವಾಗ ಮಾಮೂಲಿ ತಪಾಸಣೆಯಲ್ಲಿ ಹೊಸ ಎಕ್ಸ್‌ರೇ ತೆಗೆದರು, ರಕ್ತ ಪರೀಕ್ಷೆ ಮಾಡಿದರು. ರಿಪೋರ್ಟು ಬಂದ ಮೇಲೆ ಡಾಕ್ಟರ್ ಗಗನ ಬಂದು ಕಾಣಲು ಹೇಳಿ ಕಳಿಸಿದರು. ವ್ಯಾನಿನ ಕೆಲಸ ಬಿಟ್ಟು ಬರಲಾಗದೆ ಅಮಲರಾಜ್ ನನ್ನೊಬ್ಬಳನ್ನೇ ಕಳಿಸಿದರು. "ಪಕಳೆ ವಿಷ್ಯ ಕೇಳು, ಮರೀಬೇಡ" ಎಂದು ಬಸ್ ಹತ್ತುವವರೆಗೂ ಹೇಳಿದರು.

ಡಾಕ್ಟರ್ ಗಗನ ನನಗಿಂತ ಚಿಕ್ಕವರು. ನನ್ನನ್ನು ಕೂರಿಸಿ ನೀರು ಕೊಟ್ಟರು. ಗುಂಡು ಸ್ವಲ್ಪ ಜರುಗಿ ಬೆನ್ನುಮೂಳೆಯ ಎರಡು ಬಿಲ್ಲೆಗಳ ನಡುವೆ ಕೂತಿದೆ, ಅಲ್ಲಿರುವ ದ್ರವ ತಾಗಿ ಸೀಸ ನಿಧಾನಕ್ಕೆ ಕರಗುತ್ತದೆ, ರಕ್ತದಲ್ಲಿ ಸೀಸ ಏರುತ್ತಿದೆ, ಆದ್ದರಿಂದ ಈಗ ತೆಗೆದುಬಿಡುವುದು ಒಳ್ಳೆಯದು ಎಂದರು.

"ಹಾಗಾದ್ರೆ ವಿಷದ ಗುಂಡು ಅಂತ ಹೇಳೋದು ನಿಜನಾ ಮೇಡಂ?"

"ಇಲ್ಲಮ್ಮ. ವಿಷ ಅಂತ ಯಾರೂ ಹಾಕಿಲ್ಲ. ಎಲ್ಲಾ ಗುಂಡಲ್ಲೂ ಸೀಸ ಇರುತ್ತೆ. ಮಾಂಸದೊಳಗೆ ಕೂತಿದ್ರೆ ಎಷ್ಟೋ ಜನ ಜೀವನಪೂರ್ತಿ ಇಟ್ಕೊಂಡೇ ಇರ್ತಾರೆ. ಇವಳಿಗೆ ಕೂತಿರೋ ಜಾಗ ಸರಿ ಇಲ್ಲ, ಅಷ್ಟೆ."

ನಾನು ಪಕಳೆಯ ಮಾತು ಕೇಳಿದೆ. ಗಂಡ ಹೇಳಿಕೊಟ್ಟ ಹಾಗೆಯೇ, ಪೈಪು ಅದುಮಿ ಹಿಡಿಯುವ ಉದಾಹರಣೆಯನ್ನೂ ಬಿಡದೆ ಹೇಳಿದೆ. ಅವರು ನಗಲಿಲ್ಲ. ಎಕ್ಸ್‌ರೇಯನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಪೆನ್ನಿನ ತುದಿಯಿಂದ ತೋರಿಸಿದರು. ಬೂದು ಬಣ್ಣದ ಮೂಳೆಗಳ ನಡುವೆ ಬೆಳ್ಳಗೆ, ಒಂದು ನೆಲಗಡಲೆ ಬೀಜದ ಹಾಗೆ, ನೀಟಾಗಿ.

"ಅರಳಿದ್ರೆ ಅಣಬೆ ಥರ ಅಗಲ ಕಾಣ್ಬೇಕಿತ್ತು. ಇದು ಅರಳೇ ಇಲ್ಲಮ್ಮ."

ಆಮೇಲೆ ಅವರು ನಿಧಾನವಾಗಿ ವಿವರಿಸಿದರು. ಆ ಗುಂಡಿನೊಳಗೆ ಸಿಡಿಮದ್ದು ಇಲ್ಲ. ಮದ್ದೆಲ್ಲ ಗುಂಡಿನ ಹಿಂಬದಿಯ ತೋಟಾದಲ್ಲಿ, ಅದು ಪಿಸ್ತೂಲಿನಲ್ಲೇ ಸುಟ್ಟುಹೋಗುತ್ತದೆ. ಗುಂಡು ಬರೀ ಲೋಹ, ಮೂತಿಯಲ್ಲಿ ಒಂದು ಗುಳಿ. ಮೈಗೆ ಹೊಕ್ಕಾಗ ಒದ್ದೆಯಾದ ಮಾಂಸ ಆ ಗುಳಿಗೆ ರಭಸದಿಂದ ನುಗ್ಗಿ ಒಳಗಿನಿಂದ ಒತ್ತುತ್ತದೆ, ಅಂಚು ಹೊರಕ್ಕೆ ಬಿರಿಯುತ್ತದೆ. ಅಗಲವಾದದ್ದು ಬೇಗ ತಡೆದು ನಿಲ್ಲುತ್ತದೆ, ಗಾಯವನ್ನೂ ಅಗಲ ಮಾಡುತ್ತದೆ. ಆದರೆ ಹಾಗೆ ಆಗಿಯೇ ಆಗುತ್ತದೆ ಎಂದು ಯಾರೂ ಬರೆದುಕೊಡಲಾರರು. ಸಣ್ಣ ಪಿಸ್ತೂಲಾದರೆ ವೇಗ ಸಾಲದೆ ಅರಳದಿರಬಹುದು. ಗುಳಿಯಲ್ಲಿ ದಪ್ಪ ಬಟ್ಟೆ, ಮರದ ಚೂರು, ಏನಾದರೂ ಮೊದಲೇ ತುಂಬಿಕೊಂಡರೆ ಒಳಗೆ ನುಗ್ಗಿ ಒತ್ತಲು ಜಾಗವೇ ಇರುವುದಿಲ್ಲ. ಆಗ ಅದು ಮಾಮೂಲಿ ಗುಂಡಿನಂತೆಯೇ ತೂರಿಕೊಂಡು ಹೋಗುತ್ತದೆ. ಬೀನಾಳ ಬೆನ್ನುಮೂಳೆಗೆ ಬಡಿದದ್ದರಿಂದ ಮಾತ್ರ ಇದು ಅಲ್ಲೇ ನಿಂತಿದೆ. ಇನ್ನು ಪ್ಲೈವುಡ್ ಬಾಗಿಲು, ತೆಳು ಗೋಡೆ ಇವನ್ನು ಯಾವ ಗುಂಡೂ ದಾಟಬಲ್ಲದು, ದಾಟುವುದಿಲ್ಲ ಅನ್ನುವುದು ಮಾರುವವರ ಮಾತು.

"ಗಂಧ ತುಂಬಿದ್ರು" ಎಂದೆ.

"ಏನು?"

"ಆ ಗುಳಿಗೆ. ಪೂಜೆಗೆ ಅಂತ. ಮೇಲೆ ಕಾಣೋವರೆಗೂ ತುಂಬಿ ಕುಂಕುಮ ಇಟ್ರು."

ಅವರು ಪೆನ್ನು ಮುಚ್ಚಿ ಮೇಜಿನ ಮೇಲಿಟ್ಟರು. "ಅದರಿಂದಲೇ ಅಂತ ಹೇಳಕ್ಕಾಗಲ್ಲ. ಬಾಗಿಲಿನ ಮರವೂ ಸಾಕಿತ್ತು. ಅರಳಿದ್ರೂ ಏನಾಗ್ತಿತ್ತೋ ಯಾರಿಗೆ ಗೊತ್ತು. ಇನ್ನೂ ಕೆಟ್ಟದಾಗಬಹುದಿತ್ತು. ಅದನ್ನ ಯೋಚನೆ ಮಾಡ್ಬೇಡಿ."

"ಅರಳಿಲ್ಲ ಅಂದ್ರೆ ನರ ಹಿಡ್ಕೊಂಡಿಲ್ಲ. ಅಲ್ವಾ?"

"ಗುಂಡು ಏನನ್ನೂ ಹಿಡ್ಕೊಳ್ಳಲ್ಲಮ್ಮ, ಅರಳಿದ್ರೂ ಹಿಡ್ಕೊಳ್ಳಲ್ಲ. ಹಾದು ಹೋಗೋವಾಗ ಏನು ಹರೀಬೇಕೋ ಹರಿದು ಹೋಗುತ್ತೆ. ಆ ಒಂದು ಕ್ಷಣದಲ್ಲೇ ಎಲ್ಲ ಆಗಿಹೋಗಿದೆ. ಈಗ ಅಲ್ಲಿರೋದು ಬರೀ ತಣ್ಣಗಿರೋ ಲೋಹ. ಉರಿ ಬರ್ತಿರೋದು ಕಾಲಿಂದ ಅಲ್ಲ, ಹರಿದಿರೋ ನರದ ಮೇಲಿನ ತುದಿಯಿಂದ. ಮೆದುಳಿಗೆ ಅದು ಕಾಲಿನ ಉರಿ ಥರ ಕೇಳಿಸುತ್ತೆ. ಅದಕ್ಕೆ ಮಾತ್ರೆ ಬದಲಾಯಿಸಿ ಕೊಡ್ತೀನಿ. ಆಪರೇಶನ್ ಮಾಡೋದು ಸೀಸಕ್ಕೋಸ್ಕರ. ನಡೆಯಕ್ಕೋಸ್ಕರ ಅಲ್ಲ. ಇದನ್ನ ಮನೇಲಿ ಎಲ್ಲರಿಗೂ ಹೇಳಿ. ಮುಖ್ಯವಾಗಿ ಅವಳಿಗೆ. ನೀವು ಹೇಳ್ತೀರೋ, ನಾನು ಹೇಳಲೋ?"

ನಾನು ಹೇಳುತ್ತೇನೆ ಎಂದೆ.

ವಾಪಸು ಬರುವ ಬಸ್ಸು ಬನ್ನಿಮಂಟಪದ ಹತ್ತಿರ ಸಿಗ್ನಲ್ಲಿಗೆ ನಿಂತಿತ್ತು. ಎಕ್ಸ್‌ರೇ ಕವರು ಮಡಚಿಹೋಗದಂತೆ ಎದೆಗೆ ಒತ್ತಿಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು, ಯಾರಿಗೆ ಹುಷಾರಿಲ್ಲ ಎಂದು ಕೇಳಿದಳು. ಮಗಳಿಗೆ ಎಂದೆ. ವಾಸಿಯಾಗುತ್ತದೆ ಬಿಡಿ, ಈಗ ಎಲ್ಲದಕ್ಕೂ ಔಷಧ ಇದೆ ಎಂದಳು. ಹೂಂ ಎಂದೆ. ಹೇಳಬೇಕಾದ ಮಾತನ್ನು ಮೊದಲು ಅವಳಿಗೇ ಹೇಳಿ ಅಭ್ಯಾಸ ಮಾಡಿಕೊಳ್ಳೋಣವೇ ಅನಿಸಿತು. ಆಗಲಿಲ್ಲ.

ಅಂದು ಸಂಜೆ ಅಮಲರಾಜ್ ಎಣ್ಣೆಯ ಬಟ್ಟಲು ಬಿಸಿ ಮಾಡಲು ಅಡುಗೆಮನೆಗೆ ಬಂದಾಗ ಬಾಗಿಲು ಮುಂದೆ ಮಾಡಿ ಹೇಳಿದೆ. ಮೊದಲು ಆಪರೇಶನ್ ಮಾಡುತ್ತಾರೆ ಎಂದು ಹೇಳಿದ್ದೇ ತಪ್ಪಾಯಿತು. ಆಮೇಲಿನದು ಅವರ ಕಿವಿಗೆ ಹೋಗಲೇ ಇಲ್ಲ.

"ತೆಗೀತಾರಾ? ನಿಜವಾಗ್ಲೂ? ದೇವ್ರು ಕಣ್ಣು ಬಿಟ್ಟ ಕಣೇ."

"ರೀ, ಕೇಳಿ ಇಲ್ಲಿ. ಅದು ಅರಳಿಲ್ವಂತೆ. ನಾನೇ ಕಣ್ಣಾರೆ ನೋಡ್ದೆ, ಕಡ್ಲೆಬೀಜದ ಥರ ಇದೆ. ಯಾವ ಪಕಳೇನೂ ಇಲ್ಲ. ಏನನ್ನೂ ಹಿಡ್ಕೊಂಡಿಲ್ಲ. ನರ ಹರಿದೇ ಹೋಗಿದ್ಯಂತೆ."

ಅವರು ನನ್ನನ್ನು ನೋಡಿದ ರೀತಿ, ನಾನೇ ಏನನ್ನೋ ಕದ್ದವಳ ಹಾಗಿತ್ತು.

"ಎಕ್ಸ್‌ರೇಲಿ ಪಕಳೆ ಎಲ್ಲಿ ಕಾಣ್ತದೆ ಅಗ್ನೆಸ್? ಅದು ತಗಡಿನ ಥರ ತೆಳ್ಳಗಿರೋದು. ಮೂಳೆ ಬೇರೆ ಅಡ್ಡ ಬತ್ತದೆ. ನೀನು ವಿಡಿಯೋ ಸರಿಯಾಗಿ ನೋಡಿಲ್ಲ."

"ಡಾಕ್ಟ್ರು ನೋಡಿದಾರಲ್ಲ."

"ಡಾಕ್ಟ್ರು ಮೊದ್ಲು ತೆಗೆಯೋದೇ ಬೇಡ ಅಂದ್ರು, ಈಗ ತೆಗೀಬೇಕು ಅಂತಾರೆ. ಅವ್ರಿಗೇ ಗೊತ್ತಿಲ್ಲ. ತೆಗ್ದಾಗ ಗೊತ್ತಾಗ್ತದೆ ಬುಡು." ಬಟ್ಟಲನ್ನು ಬರಿಗೈಯಲ್ಲೇ ಹಿಡಿದು, ಬೆರಳು ಸುಟ್ಟರೂ ಬಿಡದೆ, ಬಾಗಿಲ ಹತ್ತಿರ ನಿಂತು ತಗ್ಗಿದ ದನಿಯಲ್ಲಿ ಹೇಳಿದರು: "ಅವ್ಳಿಗೆ ಈ ಮಾತು ಆಡ್ಬೇಡ. ಕೈ ಮುಗೀತೀನಿ."

ಹೇಳಬೇಕು ಎಂದುಕೊಂಡೇ ದಿನ ಕಳೆಯಿತು. ಒಮ್ಮೆ ಅವಳ ತಲೆ ಬಾಚುತ್ತಾ ಶುರು ಮಾಡಿದೆ. "ಬೀನಾ, ಡಾಕ್ಟ್ರು ಒಂದು ಮಾತು ಹೇಳಿದ್ರು..."

"ಗೊತ್ತಮ್ಮ, ರಿಸ್ಕ್ ಇರುತ್ತೆ. ಪಪ್ಪ ಹೇಳಿದ್ರು. ಪರವಾಗಿಲ್ಲ." ಕನ್ನಡಿಯಲ್ಲಿ ನನ್ನ ಮುಖ ನೋಡಿ ನಕ್ಕಳು. "ಅಮ್ಮ, ನನ್ನ ನೀಲಿ ಶೂ ಎಲ್ಲಿಟ್ಟಿದೀಯ? ಆಸ್ಪತ್ರೆ ಬ್ಯಾಗಲ್ಲಿ ಹಾಕು. ತಕ್ಷಣ ನಡೀತೀನಿ ಅಂತಲ್ಲ. ಸುಮ್ನೆ ಇರ್ಲಿ."

ನಾನು ಎರಡು ಜಡೆ ಹಾಕಿ ಮುಗಿಸಿದೆ. ಅವಳು ಮಾತಾಡುತ್ತಲೇ ಇದ್ದಳು, ಫಿಸಿಯೋಥೆರಪಿ ಎಷ್ಟು ದಿನ ಹಿಡಿಯುತ್ತದೆ, ಪರೀಕ್ಷೆಗೆ ವಾಕರ್ ಹಿಡಿದು ಹೋದರೆ ಹುಡುಗಿಯರು ಏನು ಅಂತಾರೆ ಎಂದು. ಗುಂಡು ತಗುಲಿದ ಮೇಲೆ ಅವಳು ಅಷ್ಟು ಮಾತಾಡಿದ್ದೇ ಇಲ್ಲ. ಶೂ ಹುಡುಕಿ, ಧೂಳು ಒರೆಸಿ ಬ್ಯಾಗಿಗೆ ಹಾಕಿದೆ.

ಆಪರೇಶನ್ ದಿನ ಡಾಕ್ಟರ್ ಗಗನ ಒಳಗೆ ಹೋಗುವ ಮುಂಚೆ ನನ್ನನ್ನು ನೋಡಿ, "ಹೇಳಿದೀರಾ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ನನ್ನ ಭುಜ ಮುಟ್ಟಿ ಹೋದರು.

ನಾವು ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಚಂದ್ರಮತಿಯಮ್ಮ ಒಬ್ಬರೇ ಆಟೋದಲ್ಲಿ ಬಂದಿದ್ದರು, ಕಿತ್ತಳೆ ಹಣ್ಣಿನ ಚೀಲ ಹಿಡಿದುಕೊಂಡು. ನನ್ನ ಪಕ್ಕ ಕೂರಲೂ ಆಗದೆ ಹೋಗಲೂ ಆಗದೆ ಗೋಡೆಗೆ ಒರಗಿ ನಿಂತಿದ್ದರು.

"ದೇವ್ರಿಗೆ ಅಂತ ಇಟ್ಟಿದ್ದು ಕಣವ್ವ" ಎಂದರು. ನಾನು ಏನೂ ಕೇಳಿರಲಿಲ್ಲ. ನಾನು ಡಾಕ್ಟರಿಗೆ ಹೇಳಿದ್ದ ಗಂಧದ ಮಾತು ಪೊಲೀಸರ ಮೂಲಕ ಅವರಿಗೂ ತಲುಪಿತ್ತೆಂದು ಕಾಣುತ್ತದೆ. "ಒಳ್ಳೇದಾಗ್ಲಿ ಅಂತ ಇಟ್ಟೆ. ನಂಗೆ ಏನು ಗೊತ್ತಿತ್ತು?"

"ಕೂತ್ಕೊಳ್ಳಿ ಅಕ್ಕ" ಎಂದೆ. ಅವರು ಕೂರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಬೆಂಚಿನ ತುದಿಯಲ್ಲಿ ಹಣ್ಣಿನ ಚೀಲ ಮಾತ್ರ ಇತ್ತು.

ಮಧ್ಯಾಹ್ನದ ಹೊತ್ತಿಗೆ ಸಬ್‌ಇನ್‌ಸ್ಪೆಕ್ಟರ್ ಕೀರ್ತಿ ಬಂದರು. ನಮ್ಮ ಕೇಸು ನೋಡುತ್ತಿದ್ದ ಹೆಣ್ಣುಮಗಳು. ತೆಗೆದ ಗುಂಡನ್ನು ಡಾಕ್ಟರು ಪೊಲೀಸರಿಗೇ ಒಪ್ಪಿಸಬೇಕು, ಅದು ಸಾಕ್ಷಿ. ಒಳಗೆ ಹೋಗಿ ಸ್ವಲ್ಪ ಹೊತ್ತಿನಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಹಿಡಿದು ಬಂದರು. ಅಮಲರಾಜ್ ಎದ್ದು ನಿಂತರು.

"ಮೇಡಂ, ಒಂದ್ಸಲ ನೋಡ್ಬೋದಾ?"

"ಹಾಗೆಲ್ಲ ತೋರಿಸಬಾರದು ಇವರೇ." ನನ್ನ ಗಂಡನ ಮುಖ ನೋಡಿದರು. ಸುತ್ತ ನೋಡಿದರು. ಡಬ್ಬಿಯನ್ನು ಕೈಯಿಂದ ಬಿಡದೆ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. "ಮುಟ್ಟಬೇಡಿ, ಸುಮ್ನೆ ನೋಡಿ."

ನಾನೂ ನೋಡಿದೆ. ಅಷ್ಟು ಚಿಕ್ಕದು. ಒಂದು ಪಕ್ಕ ಸ್ವಲ್ಪ ನೆಗ್ಗಿತ್ತು. ಉಳಿದಂತೆ ಅಂಗಡಿಯಿಂದ ತಂದ ಹಾಗೆ ಇತ್ತು. ಮೂತಿಯ ಗುಳಿ ಮುಚ್ಚಿಹೋಗಿ, ಮರದ ಪುಡಿಯ ಜೊತೆಗೆ ಇಟ್ಟಿಗೆ ಬಣ್ಣದ್ದೇನೋ ಗಟ್ಟಿಯಾಗಿ ಕೂತಿತ್ತು.

ಅಮಲರಾಜ್ ಬಗ್ಗಿ ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಡಬ್ಬಿಯ ಕೆಳಗೆ ಏನಾದರೂ ಬಿದ್ದಿದೆಯೇ ಎಂದು ನೋಡಿದರು.

"ಪಕಳೆ ಎಲ್ಲಿ ಮೇಡಂ?"

"ಏನಂದ್ರಿ?"

"ಇದು ಬೇರೆ ಗುಂಡಿರ್ಬೇಕು. ಇದಕ್ಕೆ ಪಕಳೆ ಇರ್ತದೆ ಮೇಡಂ, ಹೂವಿನ ಥರ. ಡಾಕ್ಟ್ರು ಅದನ್ನ ಒಳಗೇ ಬಿಟ್ಬುಟ್ರಾ? ಒಂದ್ಸಲ ಕೇಳ್ತೀರಾ?"

ಕೀರ್ತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವರು ತುಂಬ ಮೃದುವಾಗಿ, "ಇದೇ ಗುಂಡು, ಪೂರ್ತಿ ಇದೆ. ಒಂದು ಚೂರೂ ಒಳಗೆ ಉಳಿದಿಲ್ಲ. ಇದು ಬಿರಿದೇ ಇಲ್ಲ" ಎಂದರು.

ಅಮಲರಾಜ್ ಬೆಂಚಿಗೆ ಬಂದು ಕೂತರು. ಎರಡು ಕೈಯನ್ನೂ ತೊಡೆಯ ಮೇಲೆ ಮಲಗಿಸಿಕೊಂಡು ಅದನ್ನೇ ನೋಡುತ್ತಿದ್ದರು. ಎಣ್ಣೆ ತಿಕ್ಕಿ ತಿಕ್ಕಿ ಆ ಅಂಗೈಗಳು ಹೆಣ್ಣುಮಕ್ಕಳ ಕೈಯ ಹಾಗೆ ನುಣ್ಣಗಾಗಿದ್ದವು. ನಾನು ಒಂದು ಕಿತ್ತಳೆ ಸುಲಿದು ತೊಳೆ ಬಿಡಿಸಿ ಕೊಟ್ಟೆ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ತಿಂದರು.

"ಅವ್ಳಿಗೆ ಏನಂತ ಹೇಳೋದು ಅಗ್ನೆಸ್?" ಎಂದರು.

ಮರುದಿನ ಬೆಳಿಗ್ಗೆ ಬೀನಾಳನ್ನು ವಾರ್ಡಿಗೆ ತಂದರು. ನೋವಿನ ಮಾತ್ರೆಯ ಮಂಪರಿನಲ್ಲಿ ಬಹಳ ಹೊತ್ತು ಇದ್ದಳು. ಎಚ್ಚರವಾದಾಗ ತುಟಿಗೆ ಹತ್ತಿಯಿಂದ ನೀರು ಮುಟ್ಟಿಸಿದೆ. ಅವಳು ನನ್ನನ್ನು ದಾಟಿ ಅವರಪ್ಪನನ್ನು ನೋಡಿದಳು.

"ಪಪ್ಪ, ತೆಗೆದ್ರಾ?"

"ತೆಗೆದ್ರು ಮಗಳೇ."

"ಪಕಳೆ?"

ಅವರು ಹೊದಿಕೆಯ ಅಂಚು ಸರಿಮಾಡುತ್ತಾ, "ಎಲ್ಲಾ ಬಂತು. ಒಂದೂ ಒಳಗೆ ಉಳಿದಿಲ್ಲ" ಎಂದರು.

ಬೀನಾ ಕಣ್ಣು ಮುಚ್ಚಿಕೊಂಡು ಉಸಿರು ಎಳೆದುಕೊಂಡಳು. "ಅಮ್ಮ, ಹೊದಿಕೆ ತೆಗಿ."

"ಈಗ ಬೇಡ ಕಂದ, ಸುಸ್ತಾಗಿದೀಯ."

"ತೆಗಿ ಅಮ್ಮ."

ತೆಗೆದೆ. ಅವಳ ಕಾಲುಗಳು ಹಾಸಿಗೆಯ ಮೇಲೆ ಇದ್ದವು, ನಾನು ಬೆಳಿಗ್ಗೆ ಯಾವ ದಿಕ್ಕಿಗೆ ಇಟ್ಟಿದ್ದೆನೋ ಆ ದಿಕ್ಕಿಗೇ. ಅವಳು ತಲೆ ಎತ್ತಬಾರದು ಎಂದು ಹೇಳಿದ್ದರು, ಆದ್ದರಿಂದ ಅವಳಿಗೆ ಏನೂ ಕಾಣುತ್ತಿರಲಿಲ್ಲ. ಚಾವಣಿ ನೋಡುತ್ತಾ ಹಲ್ಲು ಕಚ್ಚಿಕೊಂಡಳು. ಕುತ್ತಿಗೆಯ ನರ ಉಬ್ಬಿತು. ಹಣೆಯಲ್ಲಿ ಬೆವರು ಮೂಡಿತು. ಕೈಗಳು ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದವು. ಅವಳು ಹುಟ್ಟುವ ದಿನ ನಾನು ಹಾಗೆ ಕಂಬಿ ಹಿಡಿದಿದ್ದೆ.

"ಅಲ್ಲಾಡ್ತಾ?" ಎಂದಳು.

"ಅಲ್ಲಾಡ್ತು!" ಎಂದರು ಅಮಲರಾಜ್. "ಹೆಬ್ಬೆರಳು. ಸ್ವಲ್ಪ. ನಾನು ನೋಡ್ದೆ."

ಪಕ್ಕದ ಹಾಸಿಗೆಯ ಅಜ್ಜಿ ಮತ್ತೆ ಅವಳ ಸೊಸೆ ಇಬ್ಬರೂ ಈ ಕಡೆ ತಿರುಗಿ ನೋಡುತ್ತಿದ್ದರು. ಬೀನಾ ಅವರಪ್ಪನ ಕಡೆ ನೋಡಲಿಲ್ಲ. ಕಣ್ಣು ಹೊರಳಿಸಿ ನನ್ನನ್ನು ಹುಡುಕಿದಳು.

"ಅಮ್ಮ, ನೀನು ಹೇಳು. ಅಲ್ಲಾಡ್ತಾ?"

ಅವಳ ಅಪ್ಪ ಮಂಚದ ಆಚೆಯಿಂದ ನನ್ನನ್ನೇ ನೋಡುತ್ತಿದ್ದರು. ಹೂಂ ಎಂದುಬಿಟ್ಟರೆ ಅವಳು ನಾಳೆಯೂ ಹೀಗೇ ಕಂಬಿ ಹಿಡಿಯುತ್ತಾಳೆ. ನಾಡಿದ್ದೂ. ಬರುವ ವರ್ಷವೂ. ಪ್ರತಿ ಸಲ ನಮ್ಮ ಮುಖ ನೋಡುತ್ತಾಳೆ.

"ಇಲ್ಲ ಕಂದ" ಎಂದೆ. "ಅಲ್ಲಾಡ್ಲಿಲ್ಲ. ಅಲ್ಲಾಡಲ್ಲ. ಡಾಕ್ಟ್ರು ನನಗೆ ಮೊದಲೇ ಹೇಳಿದ್ರು. ಗುಂಡು ಏನನ್ನೂ ಹಿಡ್ಕೊಂಡಿರ್ಲಿಲ್ಲ."

ಅಮಲರಾಜ್ ಎದ್ದು ಹೊರಗೆ ಹೋದರು. ಬೀನಾ ಕಂಬಿಯಿಂದ ಒಂದೊಂದೇ ಬೆರಳು ಬಿಡಿಸಿಕೊಂಡಳು. ಅಳಲಿಲ್ಲ. "ಹೊದಿಸು ಅಮ್ಮ, ಎಲ್ಲರೂ ನೋಡ್ತಿದಾರೆ" ಎಂದಳು.

ಹೊದಿಸಿದೆ.